ಹಬೆಯ ಪೆಟ್ಟಿಗೆ

ಏಳು ಸುತ್ತಿನ ಕೋಟೆಯೊಳಗಿನ ರಾಜಕುಮಾರಿಯಂತೆ ಮೊಮ್ಮಗಳು ಆಸ್ಪತ್ರೆಯ ಗಾಜಿನ ಕೋಣೆಯಲ್ಲಿದ್ದಳು. ರಕ್ತದ ಕಾಯಿಲೆ. ಹೊರಗಿನ ಧೂಳೂ ಅವಳಿಗೆ ವಿಷ. ಅದಕ್ಕೇ ಅಜ್ಜಿ ತಂದದ್ದೆಲ್ಲ ಗೋಡೆಯಲ್ಲಿನ ಉಕ್ಕಿನ ಪೆಟ್ಟಿಗೆಯಲ್ಲಿ ಔಷಧದ ಹಬೆ ಕುಡಿದು, ಆಚೆ ಬಾಗಿಲಿನಿಂದ ಒಳಗೆ ಹೋಗುತ್ತಿತ್ತು. ಬಟ್ಟೆಯ ಗೊಂಬೆ ಹೋಯಿತು, ಮರದ ಗಿಣಿ ಹೋಯಿತು.

“ಬಾಣಂತಿ ಕೋಣೆಗೆ ಸಾಂಬ್ರಾಣಿ ಹಾಕ್ತಿದ್ವಲ್ಲ, ಅದೇ ಇದು. ನೀವು ದೊಡ್ಡ ಹೆಸರಿಟ್ಟಿದ್ದೀರಿ ಅಷ್ಟೆ,” ಎಂದು ಅಜ್ಜಿ ನರ್ಸನ್ನು ಛೇಡಿಸಿದ್ದಳು. “ಗೊಂಬೆ ವಾಪಸ್ ಯಾವಾಗ ಕೊಡ್ತೀಯವ್ವ?”

“ಪಾಪು ಇರೋವರೆಗೂ ಒಳಗೆ ಹೋಗಿದ್ದು ಹೊರಗೆ ಬರಲ್ಲ ಅಜ್ಜಿ.”

ಇಂದು ಅಜ್ಜಿ ಉಲ್ಲನ್ನಿನ ಕುಲಾವಿ ಹೆಣೆದು ತಂದಳು. ಗಾಜಿಗೆ ಪರದೆ ಎಳೆದಿತ್ತು.

“ಮಲಗಿದಾಳಾ? ಕೂದಲಿಲ್ಲದ ತಲೆ, ಚಳಿ ಆಗುತ್ತೆ. ಇದನ್ನ ಬೇಗ ಕಳಿಸು.”

“ಸ್ವಲ್ಪ ಇರಿ ಅಜ್ಜಿ. ಪೆಟ್ಟಿಗೇಲಿ ಹಬೆ ನಡೀತಿದೆ.”

“ನನಗಿಂತ ಮುಂಚೆ ಯಾರು ಏನು ತಂದ್ರು?”

ಪೆಟ್ಟಿಗೆಯ ಹಸಿರು ದೀಪ ಹತ್ತಿತು. ಕುಲಾವಿ ಇಡಲೆಂದು ಅಜ್ಜಿಯೇ ಈಚೆಯ ಬಾಗಿಲು ತೆರೆದಳು.

ಒಳಗೆ ಗಿಣಿಯೂ ಗೊಂಬೆಯೂ ಒಂದರ ಪಕ್ಕ ಒಂದು ಮಲಗಿದ್ದವು.