ತಾರಸಿಯ ಮೇಲಿನ ಹಡಗು

“ಅಜ್ಜೀ, ಹಡಗೆಲ್ಲಿ?”

ಮೊಬೈಲು ಹಿಡಿದು ತಾರಸಿಗೆ ಬಂದ ಭಾನುಪ್ರಿಯಾ ಹೌಹಾರಿ ಕೂಗಿದಳು. ಕೆಂಪಾಜಮ್ಮ ತಿರುಗಿ ನೋಡಿದಳು. ಬೆಳಗ್ಗೆಯೇ ಎದ್ದು ಕಸ ಗುಡಿಸಿ, ನೀರು ಚಿಮುಕಿಸಿ, ಕುರ್ಚಿಗೆ ಹೊಸ ಬೆಡ್‌ಶೀಟು ಹೊದಿಸಿ, ಮೊಮ್ಮಗಳು ನೋಡಿ ಹಿಗ್ಗುತ್ತಾಳೆಂದು ಕಾಯುತ್ತಿದ್ದರೆ ಇದೆಂಥ ಮಾತು!

“ತಗದ್ಬುಟ್ಟೆ ಕಣ್ ಮಗಾ. ಆಪೀಸರಮ್ಮ ಪೋನ್ನಾಗೆ ನೋಡ್ತಾರೆ ಅಂದಲ್ಲ. ದೊಡ್ಡೋರ ಮುಂದೆ ಸೀರೆ, ಟವಲು ನೇತಾಕ್ಕಂಡು ಕೂತ್ಕಳಕ್ಕಾಯ್ತದಾ? ಮಾನ ಓಗಕಿಲ್ವಾ?”

“ಅಪ್ಪಣೆ ಇಲ್ದೆ ಹಾಯಿ ಇಳಿಸಬಾರ್ದು ಅಂತ ಎಷ್ಟು ಸಲ ಹೇಳಿದ್ದೀನಿ ಅಜ್ಜಿ! ನಂಗೆ ಹೆಸರು ನೆನಪಿರೋದೇ ಆ ಸೀರೆ ಬಣ್ಣ ನೋಡ್ಕೊಂಡು!”

ಹಡಗು ಅಂದರೆ ಮತ್ತೇನಲ್ಲ, ಎರಡು ಬೊಂಬು ನಿಲ್ಲಿಸಿ ಅಡ್ಡಕ್ಕೆ ಒಂದರ ಮೇಲೊಂದು ಕಟ್ಟಿದ್ದ ಹಗ್ಗಗಳು. ಕಾರವಾರದಲ್ಲಿ ಹಳೇ ಕಾಲದ ಹಾಯಿಹಡಗಿನ ಮೇಲೆ ಒಂದು ತಿಂಗಳ ತರಬೇತಿ ಇದೆ, ಕಾಲೇಜಿನ ಎನ್‌ಸಿಸಿ ಹುಡುಗಿಯರಲ್ಲಿ ಒಬ್ಬಳಿಗೆ ಮಾತ್ರ ಅವಕಾಶ, ಫೋನಿನಲ್ಲೇ ಸಂದರ್ಶನ ಮಾಡಿ ಹಾಯಿಗಳ ಹೆಸರು ಕೇಳುತ್ತಾರೆ ಅಂತ ಗೊತ್ತಾದ ಮೇಲೆ ಅಜ್ಜಿ ಮೊಮ್ಮಗಳು ಸೇರಿ ಕಟ್ಟಿಕೊಂಡ ಪಾಠಶಾಲೆ ಅದು. ತಿರುಮಕೂಡಲಿನ ಸಂಗಮ ಬಿಟ್ಟರೆ ಇಬ್ಬರೂ ದೊಡ್ಡ ನೀರು ಕಂಡವರಲ್ಲ. ಎಲ್ಲಕ್ಕಿಂತ ಕೆಳಗಿನ, ಎಲ್ಲಕ್ಕಿಂತ ದೊಡ್ಡ ಹಾಯಿ ಮೇನ್ ಸೇಲ್, ಹಾಯಿಗಳ ಯಜಮಾನ. “ಯಜಮಾನ ಅಂದ್ಮೇಲೆ ಅದುಕ್ಕೆ ಅಳೇ ಸೀರೆ ಕಟ್ತಾರಾ?” ಎಂದು ಕೆಂಪಾಜಮ್ಮ ಟ್ರಂಕಿನಿಂದ ಕುಂಕುಮ ಬಣ್ಣದ ರೇಷ್ಮೆ ಸೀರೆಯನ್ನೇ ತೆಗೆದುಕೊಟ್ಟಿದ್ದಳು. ಅದರ ಮೇಲಿನ ಹಸಿರು ಸೀರೆ ಟಾಪ್ ಸೇಲ್. ಆಮೇಲೆ ಹಳದಿ ದುಪಟ್ಟಾ, ಅದು ಟಾಪ್ ಗ್ಯಾಲಂಟ್. ತುತ್ತತುದಿಯಲ್ಲಿ ಮಗ ರಾಜುವಿನ ಟವೆಲ್ಲು. ಆ ಟವೆಲ್ಲಿಗೆ ರಾಯಲ್ ಎಂಬ ಹೆಸರು ಬಂದ ದಿನ ಮುದುಕಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಒಂದೊಂದು ಹಗ್ಗಕ್ಕೂ ಬೇರೆ ಬೇರೆ ಹೆಸರಂತೆ ಎಂದು ಹುಡುಗಿ ಗೋಳಾಡಿದಾಗ, “ನಮ್ ದನ ಕಟ್ಟೋವಕ್ಕಿಲ್ವಾ? ಮೂಗುದಾರ ಬ್ಯಾರೆ, ಕಣ್ಣಿ ಬ್ಯಾರೆ, ಮಿಣಿ ಬ್ಯಾರೆ. ಸುಮ್ಕೆ ಕಲ್ತ್ಕ” ಎಂದು ಗದರಿದ್ದಳು ಕೂಡ.

ಮತ್ತೆ ಕಟ್ಟೋಣ ಎನ್ನುವಷ್ಟರಲ್ಲಿ ಫೋನು ಬಡಿದುಕೊಂಡಿತು. ಕೆಳಗೆ ಸಿಗ್ನಲ್ ಸಿಗದ ಮನೆ, ಇಲ್ಲೇ ಆಗಬೇಕು. ಹುಡುಗಿ ಫೋನನ್ನು ಸ್ಟೂಲಿನ ಮೇಲೆ ಒರಗಿಸಿ, ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಕೆಂಪಾಜಮ್ಮ ಫೋನಿನ ಹಿಂದೆ ಸರಿದು ನಿಂತಳು.

“ಈ ಚಿತ್ರ ನೋಡಿ. ನಡುವಿನ ಕಂಬದ ಹಾಯಿಗಳ ಹೆಸರು ಹೇಳಿ, ತುದಿಯಿಂದ ಕೆಳಗೆ,” ಎಂದಿತು ಕಾರವಾರದ ಆಫೀಸರಮ್ಮನ ದನಿ.

ಭಾನುಪ್ರಿಯಾ ಚಿತ್ರ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಎಲ್ಲ ಹಾಯಿಗಳೂ ಬೆಳ್ಳಗಿದ್ದವು. ಅಯ್ಯೋ ಶಿವನೇ, ಕೈಯಾರೆ ಕೂಸಿನ ಹಡಗು ಮುಳುಗಿಸಿಬಿಟ್ಟೆನಲ್ಲ ಎಂದು ಕೆಂಪಾಜಮ್ಮ ಹಣೆ ಚಚ್ಚಿಕೊಂಡಳು. ಮೊಮ್ಮಗಳು ಸಮುದ್ರಕ್ಕೆ ಹೋಗ್ತಾಳೆ ಅಂತ ಪಕ್ಕದ ಮನೆಯ ಪುಟ್ಟಬಸಮ್ಮನಿಗೆ ಬೇರೆ ಹೇಳಿಕೊಂಡಾಗಿತ್ತು! ಓಡಿಹೋಗಿ ಇಳಿಸಿಟ್ಟ ಬಟ್ಟೆಯ ಬುಟ್ಟಿಗೆ ಕೈ ಹಾಕಿ, ರಾಜುವಿನ ಟವೆಲ್ಲನ್ನು ಫೋನಿನ ಹಿಂದೆ ತಲೆಯ ಮೇಲೆ ಎತ್ತಿ ಹಿಡಿದಳು.

“ರಾಯಲ್!” ಎಂದಳು ಭಾನುಪ್ರಿಯಾ.

ದುಪಟ್ಟಾ ಎದ್ದಿತು. “ಟಾಪ್ ಗ್ಯಾಲಂಟ್!” ಹಸಿರು ಸೀರೆ ಎದ್ದಿತು. “ಟಾಪ್ ಸೇಲ್!”

ಕೆಂಪಾಜಮ್ಮ ಮತ್ತೆ ಬುಟ್ಟಿಗೆ ಕೈ ಹಾಕಿದಳು. ಯಜಮಾನ ಹಾಯಿ ಇಲ್ಲ. ಬುಟ್ಟಿಯನ್ನು ಬೋರಲು ಹಾಕಿದಳು, ಇಲ್ಲವೇ ಇಲ್ಲ. ಮೊಮ್ಮಗಳ ಕಣ್ಣು ಅವಳ ಮೇಲೇ ನೆಟ್ಟಿತ್ತು. ಆಗ ಹೊಳೆಯಿತು ನೋಡಿ. ಆಫೀಸರಮ್ಮ ಫೋನಿನಲ್ಲಿ ಬರುವಾಗ ಚೆನ್ನಾಗಿ ಕಾಣಬೇಕೆಂದು ಬೆಳಗ್ಗೆ ಸ್ನಾನ ಮಾಡಿ ಅದನ್ನೇ ಉಟ್ಟುಕೊಂಡಿದ್ದಳು! ತಡ ಮಾಡಲಿಲ್ಲ. ಸೆರಗನ್ನು ಬಿಚ್ಚಿ ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದಳು. ಹೊಳೆ ಕಡೆಯಿಂದ ಬಂದ ಗಾಳಿಗೆ ಅದು ಬುರ್ರನೆ ಉಬ್ಬಿತು.

“ಮೇನ್ ಸೇಲ್!” ಭಾನುಪ್ರಿಯಾ ಕಿಸಕ್ಕನೆ ನಕ್ಕುಬಿಟ್ಟಳು.

“ಅಲ್ಲಿ ಯಾರಿದ್ದಾರೆ? ಫೋನ್ ತಿರುಗಿಸಿ.”

ಹುಡುಗಿಯ ನಗು ಆರಿಹೋಯಿತು. ಫೋನು ತಿರುಗಿಸಿ, ಬೊಂಬು, ಹಗ್ಗ, ಸೀರೆ ಯಾವುದನ್ನೂ ಮುಚ್ಚಿಡದೆ ಹೇಳಿದಳು. ಆಫೀಸರಮ್ಮ ನಗಲಿಲ್ಲ.

“ಹಡಗಿನಲ್ಲಿ ಅಜ್ಜಿ ಇರಲ್ಲ ಭಾನುಪ್ರಿಯಾ. ಗಾಳಿ ಜೋರಾಯ್ತು. ಮೊದಲು ಯಾವುದನ್ನು ಇಳಿಸ್ತೀರಿ?”

ಈ ಸಲ ಹುಡುಗಿ ಅಜ್ಜಿಯ ಕಡೆ ತಿರುಗಲೇ ಇಲ್ಲ. “ರಾಯಲ್ ಮೇಡಂ. ಆಮೇಲೆ ಟಾಪ್ ಗ್ಯಾಲಂಟ್. ಮೇಲಿರೋದೇ ಮೊದಲು. ಸ್ವಲ್ಪ ತಡ ಆದ್ರೂ ಅಪ್ಪನ ಟವೆಲ್ಲು ಪುಟ್ಟಬಸಮ್ಮನವರ ತೆಂಗಿನಮರದಲ್ಲಿರುತ್ತೆ. ದಿನಾ ಓಡಿ ಓಡಿ ಸಾಕಾಗಿದೆ.”

ಫೋನಿನಿಂದ ಕೇಳಿಸಿತು, ತಡೆದೂ ತಡೆಯಲಾರದೆ ಹೊರಬಿದ್ದ ನಗು. “ಬಟ್ಟೆ ಬರೆ ಕಟ್ಟಿಕೊಳ್ಳಿ ಭಾನುಪ್ರಿಯಾ. ಕಾರವಾರಕ್ಕೆ ಬರ್ತಿದ್ದೀರಿ.”

ಹುಡುಗಿ ಕುರ್ಚಿ ಬಿಟ್ಟು ಹಾರಿ, ಕುಣಿದು, ಕೊನೆಗೆ ಅಜ್ಜಿಯ ಕಡೆ ನೋಡಿದಳು. ಕೆಂಪಾಜಮ್ಮ ಇನ್ನೂ ಅಲ್ಲೇ, ಎರಡೂ ತೋಳು ಚಾಚಿ, ಸೆರಗು ತುಂಬ ಗಾಳಿ ತುಂಬಿಕೊಂಡು, ಅಲ್ಲಾಡದೆ ನಿಂತಿದ್ದಳು.

“ಆಪೀಸರಮ್ಮಾ,” ಎಂದಳು ಫೋನಿನ ಕಡೆ ಬಗ್ಗಿ, “ತೋಳು ನೋಯ್ತಾ ಅವೆ. ಅಪ್ಪಣೆಯಾದ್ರೆ ಇಳಿಸ್ತೀನಿ.”