ಊರ ಬಿಲ್ಲೆ

ಬ್ಯಾಂಕು ಮುಳುಗಿದ ಮೇಲೆ ಊರವರು ತಮ್ಮದೇ ತಾಮ್ರದ ಬಿಲ್ಲೆ ಮಾಡಿಕೊಂಡಿದ್ದರು. ಕೂಲಿಗೂ ಅದೇ, ಸಂತೆಗೂ ಅದೇ. ಊರಾಚೆ ಮಾತ್ರ ಅದು ಒಂದು ಚಹಾಕ್ಕೂ ನಡೆಯುತ್ತಿರಲಿಲ್ಲ. ಈ ವ್ಯವಸ್ಥೆ ನೋಡಲು ಧಾರವಾಡದಿಂದ ಮೇಡಂ ಒಬ್ಬರು ಕಾರಿನಲ್ಲಿ ಬಂದರು.

“ನಮ್ಮೂರ ರೊಕ್ಕ ಊರ ಬಿಟ್ಟು ಹೋಗಂಗಿಲ್ರಿ,” ಎಂದು ಬಿಲ್ಲೆ ಹೊರಡಿಸುವ ಸಂಘದ ಅಧ್ಯಕ್ಷ ಬೀಗಿದ. “ನನ್ನ ಹೆಂಡ್ತಿನ್ನ ಕೇಳ್ರಿ. ಸಂಘಕ್ಕ ರೊಟ್ಟಿ ಬಡದು ಬಡದು ಡಬ್ಬಿ ತುಂಬ್ಯಾಳ.” ಚಹಾ ಹೇಳಲು ಹೊರಗೆ ಹೋದ.

ಸೆರಗು ಎಳೆದು ತೋಳಿನ ಬಾಸುಂಡೆ ಮುಚ್ಚಿಕೊಂಡು ಅವನ ಹೆಂಡತಿ ನೀಲವ್ವ ಡಬ್ಬಿ ತೆರೆದಳು.

“ನೆನಪಿಗೆ ಒಂದು ಬಿಲ್ಲೆ ಕೊಡ್ತೀರಾ?” ಎಂದು ಮೇಡಂ ಕೇಳಿದರು.

ನೀಲವ್ವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

“ಪೂರಾ ಡಬ್ಬಿ ತಗೋರಿ ಅಕ್ಕಾರ. ನಿಮ್ಮ ಕಾರಿನ್ಯಾಗ ನನ್ನೂ ಕರ್ಕೊಂಡು ಹೋಗ್ರಿ.”