ಚಹಾ ಹರಿದ ಕಡೆ

ಪ್ರೊಕೋಪಿ ಹೊಡೆದ ಕಾಡು ಹಿಮಸಾರಂಗ ಸಾಯಲು ಬೇರೆಲ್ಲೂ ಜಾಗವೇ ಸಿಗಲಿಲ್ಲವೆಂಬಂತೆ ಸರಿಯಾಗಿ ಬೆಟ್ಟದ ನೆತ್ತಿಯ ಮೇಲೆಯೇ ಬಿದ್ದಿತ್ತು. ಅಲ್ಲಿಂದ ಉತ್ತರಕ್ಕೆ ಇಳಿದ ನೀರು ಅಲ್ದಾನ್ ನದಿಗೆ. ಆ ಇಳಿಜಾರು ಅನಿಸ್ಯಾಳದು. ದಕ್ಷಿಣಕ್ಕೆ ಇಳಿದದ್ದು ಜೇಯಾ ನದಿಗೆ; ಅದು ಅವಳ ಮೈದುನ ಪ್ರೊಕೋಪಿಯದು. ಅಲ್ಲಿನ ಕಟ್ಟಳೆ ಹೀಗೆ: ಹೊಡೆದವನು ಯಾರೇ ಆಗಿರಲಿ, ಯಾರ ನೀರಿನ ಕಡೆ ಬೀಳುತ್ತದೋ ಮಾಂಸ ಅವರಿಗೆ. ಪಡೆದವರು ಹೊಡೆದವನನ್ನು ಕರೆದು ಒಂದೇ ಪಾತ್ರೆಯಲ್ಲಿ ಉಣ್ಣಬೇಕು. ಉಂಡ ಮೇಲೆ ಒಬ್ಬರಿಗೊಬ್ಬರು ದಾರಿ ಅಡ್ಡಗಟ್ಟುವಂತಿಲ್ಲ. ಹೊಡೆದವನ ಕಡೆಗೇ ಬಿದ್ದರೆ ಅವನು ಯಾರನ್ನೂ ಕರೆಯಬೇಕಿಲ್ಲ.

ಗುಂಡಿನ ಸದ್ದು ಕೇಳಿ ಕೈಯಲ್ಲಿದ್ದ ಚಹಾದ ಕೆಟಲ್ ಸಮೇತ ಹತ್ತಿ ಬಂದ ಅನಿಸ್ಯಾಳಿಗೆ ಬೇಕಿದ್ದದ್ದು ಮಾಂಸವಲ್ಲ, ಆ ದಾರಿ. ಅವಳ ಸಾಕು ಸಾರಂಗಗಳು ಚಳಿಗಾಲದ ಮೇವಿಗೆ ಅವನ ಕಣಿವೆ ದಾಟಬೇಕು. ಸುತ್ತು ಹಾಕಿದರೆ ಒಂಬತ್ತು ದಿನ. ಹೋದ ವರ್ಷ ಆ ಸುತ್ತಿನಲ್ಲಿ ಎಂಟು ಮರಿಗಳು ಹಿಮದಲ್ಲಿ ಸತ್ತಿದ್ದವು.

ಆರು ವರ್ಷದ ಹಿಂದೆ ಅಣ್ಣನ, ಅಂದರೆ ಅನಿಸ್ಯಾಳ ಗಂಡನ, ಮಣ್ಣಿಗೆ ಪ್ರೊಕೋಪಿ ಮೂರು ದಿನ ತಡವಾಗಿ ಬಂದಿದ್ದ. ನದಿ ಉಕ್ಕಿತ್ತು. "ಬೂಟು ಒದ್ದೆಯಾಗುತ್ತೆ ಅಂತ ನೀರು ಇಳಿಯೋ ತನಕ ಕಾದ್ಯಾ?" ಎಂದು ಅವಳು ಎಲ್ಲರೆದುರು ಕೇಳಿಬಿಟ್ಟಿದ್ದಳು. ಅಂದಿನಿಂದ ಮಾತೂ ಇಲ್ಲ, ದಾರಿಯೂ ಇಲ್ಲ.

ಮಾತಿಲ್ಲದ್ದರಿಂದ ಇಬ್ಬರೂ ಅವನ ನಾಯಿಯ ಹತ್ತಿರ ಮಾತಾಡಿದರು.

"ತಲೆ ನಮ್ಮ ಕಡೆಗಿದೆ ಕಣೋ," ಎಂದ ಪ್ರೊಕೋಪಿ ನಾಯಿಗೆ.

"ಭಾರವೆಲ್ಲ ಈ ಕಡೆಗಿದೆ ಅಂತ ನಿನ್ನ ಯಜಮಾನನಿಗೆ ಹೇಳು," ಎಂದಳು ಅನಿಸ್ಯಾ. "ಖಾಲಿ ತಲೆಗೆ ಎಷ್ಟು ಮಹಾ ತೂಕ."

"ಈವಮ್ಮನ ನಾಲಿಗೆ ಇನ್ನೂ ಹಂಗೇ ಇದೆ ನೋಡು."

ನಾಯಿ ಮಾಂಸ ನೋಡುತ್ತಿತ್ತು.

ಇದು ಬಗೆಹರಿಯುವ ವ್ಯಾಜ್ಯವಲ್ಲ ಎಂದು ಅನಿಸ್ಯಾ ಕೆಟಲ್ ಎತ್ತಿಕೊಂಡಳು. "ಎದೆ ಬಿದ್ದಿರೋ ಜಾಗದಲ್ಲಿ ಚಹಾ ಹೊಯ್ತೀನಿ. ಯಾವ ಕಡೆ ಹರಿಯುತ್ತೋ ಅವರದು. ಒಪ್ಪಿಗೆನಾ ಕೇಳು."

ಪ್ರೊಕೋಪಿ ನಾಯಿಯನ್ನೂ ಕೇಳದೆ ತಲೆಯಾಡಿಸಿದ. ಇಬ್ಬರೂ ಸೇರಿ ಸಾರಂಗವನ್ನು ಪಕ್ಕಕ್ಕೆ ಎಳೆದರು. ಅವಳು ಬಗ್ಗಿ ಹೊಯ್ದಳು.

ಚಹಾ ಕಲ್ಲಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ನಿಧಾನಕ್ಕೆ ದಕ್ಷಿಣಕ್ಕೆ, ಅವನ ಕಡೆಗೆ ಹೊರಟಿತು. ಅನಿಸ್ಯಾ ಹೊಯ್ಯುತ್ತಲೇ ಲೆಕ್ಕ ಹಾಕಿದಳು. ಈ ವರ್ಷವೂ ಒಂಬತ್ತು ದಿನ. ಈ ವರ್ಷವೂ ಮರಿಗಳು.

ಅಷ್ಟರಲ್ಲಿ ಚಹಾಕ್ಕೆ ಅಡ್ಡವಾಗಿ ಪ್ರೊಕೋಪಿಯ ಬೂಟು ಬಂದು ಕೂತಿತು. ಚಹಾ ಅದಕ್ಕೆ ತಾಗಿ ನಿಂತು, ಬೇರೆ ದಾರಿ ಕಾಣದೆ, ಉತ್ತರಕ್ಕೆ ತಿರುಗಿ ಅವಳ ಕಡೆ ಇಳಿಯತೊಡಗಿತು.

"ಕಾಲು ತೆಗಿ," ಎಂದಳು ಅನಿಸ್ಯಾ, ಆರು ವರ್ಷದಲ್ಲಿ ಮೊದಲ ಸಲ ನೇರವಾಗಿ ಅವನಿಗೇ.

"ಮಂಡಿ ಹಿಡ್ಕೊಂಡಿದೆ, ಎತ್ತಕ್ಕಾಗಲ್ಲ," ಎಂದ ಪ್ರೊಕೋಪಿ ಆಕಾಶ ನೋಡುತ್ತಾ. ಅವನ ಬೂಟು ಪೂರಾ ಒದ್ದೆಯಾಗಿತ್ತು. "ನೀವು ಹೊಯ್ತಾ ಇರಿ ಅತ್ತಿಗೆ. ನೀರು ಇಳಿಯೋ ತನಕ ಕಾಯೋನು ನಾನು, ನಿಮಗೆ ಗೊತ್ತಲ್ಲ."